‘ಮುಂದುಸ್’: ಜಗತ್ತಿಗೂ ಶುಚಿಗೂ ಒಂದೇ ಪದ

‘ಮಂಡೇನ್’ ಎಂಬ ಇಂಗ್ಲಿಷ್ ಪದ ಇಂದು ನೀರಸವಾದ, ದಿನನಿತ್ಯದ ಸಂಗತಿಗೆ ಬಳಕೆಯಾಗುತ್ತದೆ. ಅದರ ತಾಯಿಬೇರು ಲ್ಯಾಟಿನ್ನಿನ ‘ಮುಂದುಸ್’. ನಾಮಪದವಾದಾಗ ಅದಕ್ಕೆ ಜಗತ್ತು ಎಂಬ ಅರ್ಥ; ಗುಣವಾಚಕವಾದಾಗ ಶುಚಿಯಾದ, ಅಚ್ಚುಕಟ್ಟಾದ ಎಂಬ ಅರ್ಥ. ಹೆಂಗಸರ ಶೃಂಗಾರ ಸಾಮಗ್ರಿಯನ್ನೂ ರೋಮನ್ನರು ಇದೇ ಪದದಿಂದ ಕರೆದರು.

ಇವು ಒಂದೇ ಪದದ ಹಲವು ಅರ್ಥಗಳೋ, ಉಚ್ಚಾರಣೆಯಲ್ಲಷ್ಟೇ ಕೂಡಿಬಂದ ಬೇರೆ ಬೇರೆ ಪದಗಳೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕ್ರಿ.ಶ. 1ನೇ ಶತಮಾನದ ಹಿರಿಯ ಪ್ಲಿನಿಗೆ ಮಾತ್ರ ಈ ಸಂಶಯವಿರಲಿಲ್ಲ. ಗ್ರೀಕರು ಅಲಂಕಾರದ ಪದದಿಂದ ಜಗತ್ತನ್ನು ಹೆಸರಿಸಿದಂತೆ, ಅದರ ಕುಂದಿಲ್ಲದ ಚೆಲುವನ್ನು ಕಂಡು ತಮ್ಮವರೂ ಹೆಸರಿಟ್ಟರು ಎಂದು ಆತ ‘ಪ್ರಕೃತಿ ಚರಿತ್ರೆ’ಯ ಎರಡನೆಯ ಸಂಪುಟದಲ್ಲಿ ಬರೆದಿದ್ದಾನೆ. ಗ್ರೀಕಿನ ಆ ಪದ ‘ಕೋಸ್ಮೊಸ್’. ಓರಣ, ಒಡವೆ, ವಿಶ್ವ ಮೂರೂ ಅದರ ಅರ್ಥಗಳೇ. ನಮ್ಮ ‘ಒಪ್ಪ’ ಎಂಬ ಪದದಲ್ಲಿ ಓರಣವೂ ಚೆಲುವೂ ಬೆರೆತಿರುವುದನ್ನು ನೆನೆದರೆ ಗ್ರೀಕರ ಮನಸ್ಸು ನಮಗೆ ಸುಲಭವಾಗಿ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಕಾಸ್ಮಾಸ್’ ಮತ್ತು ‘ಕಾಸ್ಮೆಟಿಕ್’ ಇಂದಿಗೂ ಅಕ್ಕತಂಗಿಯರು. ಗ್ರೀಕ್ ಪದದ ಅಚ್ಚಿನಲ್ಲೇ ರೋಮನ್ನರು ತಮ್ಮ ಪದಕ್ಕೆ ಜಗತ್ತಿನ ಅರ್ಥ ಎರೆದರು ಎಂಬ ವಾದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಮೂರು ಅರ್ಥಗಳೂ ಹೀಗೆ ಹೊಂದಿಕೊಂಡಿರುವುದು ಆಕಸ್ಮಿಕವಾಗಿರಲಾರದು.

ಈ ಹೊಳಪು ಮಾಸಿದ್ದು ಕ್ರೈಸ್ತ ಮಠಗಳಲ್ಲಿ. ಸಂನ್ಯಾಸಿಗೆ ‘ಮುಂದುಸ್’ ಎಂದರೆ ಬಿಟ್ಟುಬರಬೇಕಾದ ಸಂಸಾರ. ಶುಚಿ ಎಂಬ ಅರ್ಥವನ್ನೂ ಹೊತ್ತಿದ್ದ ಪದವೇ ಆತ್ಮಕ್ಕೆ ಮೈಲಿಗೆ ತರುವ ಲೋಕದ ಹೆಸರಾಯಿತು. ಆ ಭಾವವನ್ನು ಹೊತ್ತೇ ಅದು ಫ್ರೆಂಚಿನ ದಾರಿಯಾಗಿ 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಆಗ ‘ಮಂಡೇನ್’ ನಮ್ಮ ‘ಲೌಕಿಕ’ಕ್ಕೆ ಸಮಾನವಾಗಿತ್ತು. ನೀರಸ ಎಂಬ ಅರ್ಥ ಬಹಳ ತಡವಾಗಿ ಅಂಟಿದ್ದು.

ಶುಚಿಯ ಕವಲಿಗೆ ಇಂಗ್ಲಿಷಿನಲ್ಲಿ ನೆಲೆ ಸಿಗಲಿಲ್ಲ. ಹಳೆಯ ವೈದ್ಯಗ್ರಂಥಗಳಲ್ಲಿ ಗಾಯ ಶುದ್ಧಿಮಾಡುವುದಕ್ಕೆ ‘ಮಂಡಿಫೈ’ ಎಂದೂ ಅದಕ್ಕೆ ಹಚ್ಚುವ ಲೇಪಕ್ಕೆ ‘ಮಂಡಿಫಿಕೇಟಿವ್’ ಎಂದೂ ಹೆಸರಿತ್ತು. ಮನೆಮಾತಿನ ‘ಕ್ಲೀನ್’ ಎದುರು ಅವು ಉಳಿಯಲಿಲ್ಲ. ಜಗತ್ತಿನ ಕವಲು ಮಾತ್ರ ಬೆಳೆಯಿತು. 1300ರ ಸುಮಾರಿಗೆ ಒಂದೇ ಕರುವಿನ ತೊಗಲಿನ ಮೇಲೆ ಬರೆದ ಹೆರೆಫರ್ಡಿನ ಭೂಪಟವನ್ನು ‘ಮಾಪ್ಪಾ ಮುಂದಿ’ ಎನ್ನುತ್ತಾರೆ. ಮಾಪ್ಪಾ ಎಂದರೆ ಬಟ್ಟೆ, ಇಂಗ್ಲಿಷಿನ ‘ಮ್ಯಾಪ್’ ಅದರಿಂದಲೇ ಬಂದದ್ದು. 1855ರಲ್ಲಿ ಕಿರಿಯ ಅಲೆಕ್ಸಾಂಡರ್ ಡ್ಯೂಮಾನ ನಾಟಕದಿಂದ ‘ಡೆಮಿಮಾಂಡ್’ ಪ್ರಸಿದ್ಧವಾಯಿತು. ಅದು ಮರ್ಯಾದಸ್ಥರು ಹೊರಗಿಟ್ಟ ಅರೆ-ಲೋಕ.

ಫ್ರೆಂಚಿನಲ್ಲಿ ‘ಮೋಂದ್’ ಎಂದರೆ ಜಗತ್ತು, ‘ಇಮ್ಮೋಂದ್’ ಎಂದರೆ ಹೊಲಸು. ಇಟಲಿಯಲ್ಲಂತೂ ‘ಮೊಂದೊ’ ಇಂದಿಗೂ ಜಗತ್ತೂ ಹೌದು, ಶುಚಿಯೂ ಹೌದು. ಅಲ್ಲಿನ ಪೊ ನದಿಯ ಬಯಲಿನಲ್ಲಿ, ಮೊಣಕಾಲು ಮುಳುಗುವ ನೀರಿನಲ್ಲಿ ಬಾಗಿ ಭತ್ತದ ಗದ್ದೆಯ ಕಳೆ ಕೀಳುತ್ತಿದ್ದ ಕೂಲಿ ಹೆಂಗಸರಿಗೆ ‘ಮೊಂದಿನೆ’ ಎಂದು ಹೆಸರು. ಶುಚಿಮಾಡುವವರು ಎಂದೇ ಅದರ ಅರ್ಥ.