ಡಿಗ್ರಿ ‘ಆಫ್’ ಫಿಸಿಕ್ಸೋ, ಡಿಗ್ರಿ ‘ಇನ್’ ಫಿಸಿಕ್ಸೋ? ಇಲ್ಲಿದೆ ಸರಿಯಾದ ಉತ್ತರ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಡಿಗ್ರಿ ಓದಿ ಕೆಲಸಕ್ಕೆ ಅರ್ಜಿ ಹಾಕುವವರನ್ನು ಬಯೋಡೇಟಾದ ಒಂದು ಪುಟ್ಟ ಪದ ಕಾಡುತ್ತದೆ. ಓದಿದ ವಿಷಯದ ಹೆಸರಿಗೆ ಮುಂಚೆ ‘ಆಫ್’ ಬರೆಯಬೇಕೋ, ‘ಇನ್’ ಬರೆಯಬೇಕೋ? ‘ಸರ್ಟಿಫಿಕೇಟಿನಲ್ಲೇ ಬ್ಯಾಚುಲರ್ ಆಫ್ ಸೈನ್ಸ್ ಎಂದಿದೆ, ಹಾಗಾಗಿ ಎಲ್ಲ ಕಡೆ ಆಫ್ ಎಂದೇ ಬರೆಯಿರಿ’ ಎಂದು ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ ಮಾತ್ರ.

ಪದವಿಗೆ ‘ಆಫ್’, ವಿಷಯಕ್ಕೆ ‘ಇನ್’

‘ಬ್ಯಾಚುಲರ್ ಆಫ್ ಸೈನ್ಸ್’ ಎಂಬುದು ಪದವಿಯ ಹೆಸರು. ಅದರಲ್ಲಿ ಯಾವ ವಿಷಯ ಎಂದು ಹೇಳಲು ‘ಇನ್’ ಬೇಕು: ‘ಬ್ಯಾಚುಲರ್ ಆಫ್ ಸೈನ್ಸ್ ಇನ್ ಫಿಸಿಕ್ಸ್’. ಕನ್ನಡ ಸಾಹಿತ್ಯದಲ್ಲಿ ಪಿಎಚ್‌.ಡಿ. ಪಡೆದವರೂ ‘ಡಾಕ್ಟರ್ ಆಫ್ ಫಿಲಾಸಫಿ ಇನ್ ಕನ್ನಡ’ ಎಂದೇ ಬರೆಯುತ್ತಾರೆ. ಫಿಲಾಸಫಿ ಅಲ್ಲಿ ಪದವಿಯ ಹೆಸರಿನ ಭಾಗ, ಅವರು ಓದಿದ ವಿಷಯವಲ್ಲ.

ಕನ್ನಡದಲ್ಲೇ ಇದೆ ಸುಳಿವು

ಇಂಗ್ಲಿಷ್‌ನಲ್ಲಿ ಬರೆಯುವ ಮುಂಚೆ ಕನ್ನಡದಲ್ಲಿ ಹೇಳಿ ನೋಡಿ.

• ‘ಇತಿಹಾಸದಲ್ಲಿ ಎಂ.ಎ.’ – ‘ಎಂ.ಎ. ಇನ್ ಹಿಸ್ಟರಿ’
• ‘ಇತಿಹಾಸದ ವಿದ್ಯಾರ್ಥಿ’ – ‘ಸ್ಟೂಡೆಂಟ್ ಆಫ್ ಹಿಸ್ಟರಿ’
• ‘ಇತಿಹಾಸ ಓದುತ್ತಿದ್ದೇನೆ’ – ‘ಐ ಆಮ್ ಸ್ಟಡಿಯಿಂಗ್ ಹಿಸ್ಟರಿ’. ಕನ್ನಡದಲ್ಲಿ ಪ್ರತ್ಯಯವಿಲ್ಲ, ಇಂಗ್ಲಿಷ್‌ನಲ್ಲೂ ‘ಇನ್’ ಬೇಡ.

ಎಡವುವುದು ಎಲ್ಲಿ?

ಊರು, ಕಾಲೇಜು ಎರಡಕ್ಕೂ ನಾವು ‘ಅಲ್ಲಿ’ ಸೇರಿಸುತ್ತೇವೆ. ಇಂಗ್ಲಿಷ್‌ನಲ್ಲಿ ಊರಿಗೆ ‘ಇನ್’, ವಿದ್ಯಾಸಂಸ್ಥೆಗೆ ಸಾಮಾನ್ಯವಾಗಿ ‘ಅಟ್’. 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಈಗ ಓದುತ್ತಿದ್ದರೆ ಅದರ ಹೆಸರಿಗೆ ಮುಂಚೆ ‘ಅಟ್’ ಬರೆಯಿರಿ. ಅಲ್ಲಿಂದ ಪದವಿ ಪಡೆದಿದ್ದರೆ ‘ಫ್ರಮ್’.

ಸಂಶೋಧನೆಯ ಮಾತು ಬಂದಾಗ ಇನ್ನೊಂದು ಪದ ಸೇರಿಕೊಳ್ಳುತ್ತದೆ. ತುಂಗಭದ್ರೆಯ ನೀರಿನಲ್ಲಿ ಬೆಳೆಯುವ ಸಿರುಗುಪ್ಪದ ಭತ್ತದ ಬಗ್ಗೆ ಅಧ್ಯಯನ ಮಾಡಿದವರು ‘ಪಿಎಚ್‌.ಡಿ. ಇನ್ ಅಗ್ರಾನಮಿ’ ಎನ್ನಬಹುದು, ಆದರೆ ‘ಥೀಸಿಸ್ ಆನ್ ಪ್ಯಾಡಿ’ ಎನ್ನಬೇಕು. ಶಾಸ್ತ್ರಕ್ಕೆ ‘ಇನ್’, ಅದರೊಳಗೆ ಆರಿಸಿಕೊಂಡ ವಸ್ತುವಿಗೆ ‘ಆನ್’. ‘ರಿಸರ್ಚ್ ಇನ್ ಸಿರುಗುಪ್ಪ’ ಎಂದರೆ ಸಂಶೋಧನೆ ನಡೆದ ಊರು ಯಾವುದೆಂದು ತಿಳಿಯುತ್ತದೆಯೇ ಹೊರತು ಏನನ್ನು ಸಂಶೋಧಿಸಿದಿರಿ ಎಂದು ತಿಳಿಯುವುದಿಲ್ಲ.

ಅನುಮಾನ ಬಂದರೆ?

ಪದವಿಯ ಹೆಸರನ್ನು ಸರ್ಟಿಫಿಕೇಟಿನಲ್ಲಿ ಇರುವಂತೆಯೇ ಬರೆಯಿರಿ. ‘ಬಿ.ಎಸ್ಸಿ., ಫಿಸಿಕ್ಸ್’ ಎಂದು ಅಲ್ಪವಿರಾಮ ಹಾಕಿದರೂ ತಪ್ಪಿಲ್ಲ. ಒಂದು ಪದ ತಪ್ಪಾದರೆ ಮೂರು ವರ್ಷದ ಓದು ವ್ಯರ್ಥವಾಗದು, ನಿಜ. ಆದರೆ ಅರ್ಜಿ ನೋಡುವವರಿಗೆ ನೀವು ಎದುರಿಗಿಲ್ಲ, ಆ ಒಂದು ಸಾಲು ಮಾತ್ರ ಇದೆ. ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇದನ್ನು ಕಳುಹಿಸಿ.