ಮಲೆಟ್ ಮೀನಿನ ತುಟಿ ನೋಡಿ ಕೆಟ್ಟವರು

ಪ್ರಾಣಿಗಳಿಗೆ ಹೆಸರಿಟ್ಟವರ ಚರಿತ್ರೆ ಓದೋದು ನನಗೊಂದು ಹುಚ್ಚು. ಅದರಲ್ಲಿ ಮಲೆಟ್ ಮೀನಿನ ಕಥೆಯಷ್ಟು ಗೋಜಲು ಇನ್ನೊಂದಿಲ್ಲ ಅನ್ಸುತ್ತೆ. ಗೋವಾದ ಕಡೆ ಶೆವ್ಟೊ ಅಂತಾರೆ, ಮಲಯಾಳಿಗಳು ಕಣಂಬು, ತಿರುತ ಅಂತಾರೆ. ಅಳಿವೆಯಲ್ಲಿ ಗುಂಪಾಗಿ ಹೋಗ್ತಾ ಹೋಗ್ತಾ ಇದ್ದಕ್ಕಿದ್ದಂತೆ ಛಂಗನೆ ನೆಗೆಯುತ್ತಲ್ಲ, ಅದೇ ಮೀನು.

ಇದರ ಊಟ ಕೆಸರಿನಲ್ಲಿರೋ ಸೂಕ್ಷ್ಮ ಪಾಚಿ ಮತ್ತು ಕೊಳೆತ ಚೂರುಗಳು. ಜೊತೆಗೆ ಮರಳೂ ಒಳಗೆ ಹೋಗುತ್ತೆ. ಕೋಳಿಗೆ ಕಾಳು ಅರೆಯೋದಕ್ಕೆ ಇರುವಂಥ ದಪ್ಪ ಮಾಂಸದ ಜಠರ ಇದಕ್ಕೂ ಇದೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಇದನ್ನ ಗಮನಿಸಿದ್ದ! ಅದೇ ಪುಣ್ಯಾತ್ಮ, ಈ ಜಾತಿಯ ಕೆಲವು ಮೀನುಗಳು ಮೊಟ್ಟೆಯಿಲ್ಲದೆ ಕೆಸರಿನಿಂದಲೇ ಹುಟ್ಟುತ್ತವೆ ಅಂತಲೂ ಬರೆದ. ನಗಬೇಡಿ. ಮಲೆಟ್ ಮೊಟ್ಟೆಯಿಡೋದು ಕಡಲಿನಲ್ಲಿ, ಹಿನ್ನೀರಿಗೆ ಬರೋದು ಮರಿಗಳು. ದಡದಲ್ಲಿ ನಿಂತವನಿಗೆ ಮೊಟ್ಟೆ ಎಲ್ಲಿ ಕಾಣಬೇಕು?

1758ರಲ್ಲಿ ಲಿನಿಯಸ್ ಯುರೋಪಿನ ಮೀನಿಗೆ ಮುಗಿಲ್ ಸೆಫಾಲಸ್ ಅಂತ ಹೆಸರಿಟ್ಟ. (ನಮ್ಮ ಮುಗಿಲಿಗೂ ಇದಕ್ಕೂ ಸಂಬಂಧವಿಲ್ಲ, ಇದು ಲ್ಯಾಟಿನ್!) ಅವನ ಶಿಷ್ಯ ಫೋರ್ಸ್ಕಾಲ್ ಡೆನ್ಮಾರ್ಕಿನ ರಾಜ ಕಳಿಸಿದ ತಂಡದ ಜೊತೆ ಅರೇಬಿಯಾಕ್ಕೆ ಹೋದ. ಕೆಂಪು ಸಮುದ್ರದ ಮೀನುಗಳ ಅರ್ಧ ಮೈಯ ಚರ್ಮ ಸುಲಿದು, ಎಲೆ ಒಣಗಿಸಿದ ಹಾಗೆ ಒತ್ತಿ, ಕಾಗದಕ್ಕೆ ಅಂಟಿಸ್ತಿದ್ದ. 1763ರಲ್ಲಿ ಯೆಮೆನ್‌ನಲ್ಲಿ ಮಲೇರಿಯಾದಿಂದ ಸತ್ತ. ತಂಡದಲ್ಲಿ ಊರಿಗೆ ವಾಪಸ್ಸಾದವನು ನೀಬೂರ್ ಒಬ್ಬನೇ. 1775ರಲ್ಲಿ ಗೆಳೆಯನ ಟಿಪ್ಪಣಿಗಳನ್ನ ಅಚ್ಚು ಹಾಕಿಸಿದವನೂ ಅವನೇ. ಅದರಲ್ಲಿ ಒಂದು ಮಲೆಟ್ ಇದೆ, ಮುಗಿಲ್ ಕ್ರೆನಿಲಾಬಿಸ್, ಅಂದ್ರೆ ಕಚ್ಚುಕಚ್ಚು ತುಟಿಯದ್ದು. ಆ ಚರ್ಮಗಳು ಇವತ್ತಿಗೂ ಕೋಪನ್‌ಹೇಗನ್‌ನಲ್ಲಿವೆ.

ಟಿಪ್ಪು ಸತ್ತ ಮರುವರ್ಷ ನಮ್ಮ ಮೈಸೂರು ಸೀಮೆ ಸುತ್ತಿದ ಬುಕಾನನ್ ಗೊತ್ತಲ್ಲ? ಅವನೇ ಮುಂದೆ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ತಂದು, ಕಣ್ಣು ನೀರಿನ ಮೇಲಿಟ್ಟು ಈಜುವ ಮಲೆಟ್‌ಗೆ ಕೊರ್ಸುಲಾ ಅಂತ ಹೆಸರಿಟ್ಟ. ಬಂಗಾಳಿಗಳು ಕರೆಯೋ ಹೆಸರೇ ಅದು.

ಆಮೇಲೆ ಬಂದವರೂ ತುಟಿ, ಹಲ್ಲು, ಹುರುಪೆ, ಕಣ್ಣಿನ ಮೇಲಿನ ಕೊಬ್ಬಿನ ರೆಪ್ಪೆ ನೋಡಿಯೇ ವಿಂಗಡಿಸಿದರು. ಮಲೆಟ್‌ಗಳೆಲ್ಲ ಹೊರಗಿನಿಂದ ಒಂದೇ ಅಚ್ಚು, ಪಾಪ ಇನ್ನೇನು ಮಾಡ್ತಾರೆ? 2012ರಲ್ಲಿ ದ್ಯುರಾಂ ಮತ್ತು ಸಂಗಡಿಗರು ಡಿಎನ್ಎ ಹಿಡಿದು ನೋಡಿದರೆ ಎರಡು ಶತಮಾನದ ಕಟ್ಟಡ ಅಲುಗಾಡಿತು. ಲಿಝಾ ಅನ್ನೋ ದೊಡ್ಡ ಕುಲವೇ ಒಡೆದುಹೋಯ್ತು. ಇನ್ನು ಜಗತ್ತಿಗೆಲ್ಲ ಒಂದೇ ಅಂದುಕೊಂಡಿದ್ದ ಸೆಫಾಲಸ್ ಒಳಗೆ ಹತ್ತಕ್ಕೂ ಹೆಚ್ಚು ಬೇರೆಬೇರೆ ವಂಶಗಳು!

ಇದು ಬರೀ ಹೆಸರಿನ ಜಗಳ ಅಂತ ನನಗನ್ನಿಸೋದಿಲ್ಲ. ಈಜಿಪ್ಟಿನಲ್ಲಿ ಕಾಡುಮರಿಗಳನ್ನ ಹಿಡಿದು ತಂದು ಕೊಳದಲ್ಲಿ ಸಾಕ್ತಾರೆ. ಒಂದೇ ಜಾತಿ, ಎಲ್ಲಾ ಕಡೆ ಇದೆ ಅಂದುಕೊಂಡಷ್ಟು ದಿನ ಒಂದು ಕಡಲಲ್ಲಿ ಖಾಲಿಯಾದ್ರೂ ಯಾರೂ ಗಾಬರಿಯಾಗಲ್ಲ. ಬೇರೆ ಜಾತಿಯೇ ಆಗಿದ್ರೆ ಇನ್ನೊಂದು ಕಡಲಿನದ್ದು ಬಂದು ಆ ಜಾಗ ತುಂಬೋದಿಲ್ಲ. ಲಿನಿಯಸ್ ಇಟ್ಟ ಹೆಸರು ಮೆಡಿಟರೇನಿಯನ್ ಮೀನಿಗೇ ಉಳಿಯಬೇಕು. ಉಳಿದವು ಎಷ್ಟು ಜಾತಿ ಅಂತ ಎಣಿಸೋ ಕೆಲಸ ಬಾಕಿಯಿದೆ.