ತಪ್ಪಿದ ಅಚ್ಚು, ಏರಿದ ಬೆಲೆ

ಹುಡುಗರ ಬರವಣಿಗೆಯಲ್ಲಿ ತಪ್ಪು ಹುಡುಕಿ ಕೆಂಪು ಶಾಯಿಯಿಂದ ಗೆರೆ ಎಳೆಯುವುದು ಬಹುಕಾಲದಿಂದ ನನ್ನ ಕಸುಬು. ತಪ್ಪಿಗೆ ಅಂಕ ಕಳೆಯುವುದಲ್ಲದೆ ಕೂಡಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ತಪ್ಪಿನಿಂದಲೇ ಬೆಲೆ ಏರುವ ಲೋಕವೊಂದುಂಟು. ಅದು ನಾಣ್ಯಸಂಗ್ರಾಹಕರ ಲೋಕ. ಅಚ್ಚುಕಟ್ಟಾದ ನೂರು ನಾಣ್ಯಗಳನ್ನು ಬದಿಗೊತ್ತಿ, ಅಚ್ಚು ತಪ್ಪಿದ ಒಂದನ್ನು ಆರಿಸಿಕೊಳ್ಳುವವರು ಅಲ್ಲಿದ್ದಾರೆ. ಇದು ಬರಿಯ ಹುಚ್ಚೋ, ಅಥವಾ ಇದರಲ್ಲಿ ಇತಿಹಾಸವೇನಾದರೂ ಉಂಟೋ? ವಾಚಕರೊಡನೆ ಇದನ್ನು ಕುರಿತು ನಾಲ್ಕು ಮಾತಾಡಬೇಕೆಂದಿದ್ದೇನೆ.

ಮೊದಲು ನಾಣ್ಯ ಹುಟ್ಟುವ ಬಗೆಯನ್ನು ನೋಡೋಣ. ನಾವು ಈಗ ಟಂಕಸಾಲೆ ಎನ್ನುವುದಕ್ಕೆ ಹಳಗನ್ನಡದಲ್ಲಿ ಕಮ್ಮಟವೆಂದು ಹೆಸರು. ಅಲ್ಲಿ ಲೋಹದ ಬರಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಎರಡು ಮುಖಗಳೂ ಒಮ್ಮೆಗೇ ಮೂಡುತ್ತವೆ. ಹಿಂದೆ ಈ ಕೆಲಸ ಸುತ್ತಿಗೆಯ ಏಟಿನಿಂದ ನಡೆಯುತ್ತಿತ್ತು. ಬಿಲ್ಲೆ ಸರಿಯುವುದು, ಅರ್ಧ ಅಕ್ಷರ ಅಂಚಿನಾಚೆಗೆ ಹೋಗುವುದು ಆಗ ನಿತ್ಯದ ಮಾತು. ಟಿಪ್ಪು ಸುಲ್ತಾನನ ಕಾಲದ ತಾಮ್ರದ ಕಾಸುಗಳನ್ನು ನೋಡಿ. ಅನೇಕವುಗಳಲ್ಲಿ ಬರಹ ಪೂರ್ತಿಯಾಗಿ ಬಿದ್ದೇ ಇಲ್ಲ. ಅಂಥ ಕಡೆ ಬೆಲೆ ತಪ್ಪಿಗಲ್ಲ, ಸರಿಯಾಗಿ ಬಿದ್ದ ಅಚ್ಚಿಗೆ. ಈಸ್ಟ್ ಇಂಡಿಯಾ ಕಂಪೆನಿಯು ೧೮೩೫ರಲ್ಲಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿತು. ಯಂತ್ರ ಬಂದು, ಸಾವಿರ ನಾಣ್ಯವೂ ಒಂದೇ ತೆರನಾಗಿರಬೇಕೆಂಬ ನಿಯಮ ನೆಲೆಯಾದ ಮೇಲೆಯೇ, ಒಂದು ಬೇರೆಯಾದರೆ ಜನ ಬೆರಗಾಗಿ ನೋಡುವಂತಾಯಿತು.

ಯಂತ್ರವೂ ತಪ್ಪುತ್ತದೆ. ಬಿಲ್ಲೆ ಪಕ್ಕಕ್ಕೆ ಸರಿದು ಚಿತ್ರ ಅರ್ಧಚಂದ್ರದಂತೆ ಉಳಿಯಬಹುದು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಮೇಲೆ ಅದರ ಮುಖ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ, ಉಬ್ಬಿಗೆ ಬದಲು ಕುಳಿಯಾಗಿ ಬೀಳುತ್ತದೆ. ಇವು ಒಂದೊಂದು ನಾಣ್ಯದ ತಪ್ಪುಗಳು. ಅಚ್ಚೇ ಕೆಟ್ಟಿದ್ದರೆ ಅದರಿಂದ ಹೊರಬಂದದ್ದೆಲ್ಲವೂ ಕೆಟ್ಟಂತೆ. ಅಮೆರಿಕದ ಫಿಲಡೆಲ್ಫಿಯ ಟಂಕಸಾಲೆಯಲ್ಲಿ ೧೯೫೫ರಲ್ಲಿ ಒಂದು ಸೆಂಟಿನ ಅಚ್ಚಿಗೆ ಮೂಲದ ಮುದ್ರೆ ತುಸು ಓರೆಯಾಗಿ ಎರಡು ಬಾರಿ ಬಿತ್ತು. ಆ ಅಚ್ಚಿನ ನಾಣ್ಯಗಳಲ್ಲಿ ಅಕ್ಷರಗಳೂ ವರ್ಷದ ಅಂಕಿಗಳೂ ಜೋಡಿಯಾಗಿ ಕಾಣುತ್ತವೆ. ತಪ್ಪು ತಿಳಿಯುವ ಹೊತ್ತಿಗೆ ಅವು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಹಾಗೆಯೇ ಪೇಟೆ ಸೇರಿದವು.

ಇವಕ್ಕಿಂತ ಸ್ವಾರಸ್ಯವಾದುದು ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗ. ಇಲ್ಲಿ ಯಂತ್ರ ತಪ್ಪಲಿಲ್ಲ, ಚಿತ್ರ ಕೊರೆದ ಕೈ ತಪ್ಪಿತು. ಐದನೆಯ ಜಾರ್ಜ್ ಚಕ್ರವರ್ತಿಯ ದೆಹಲಿ ದರ್ಬಾರು ನಡೆದ ೧೯೧೧ರಲ್ಲಿ ಅವನ ಮುಖವಿರುವ ಬೆಳ್ಳಿಯ ರೂಪಾಯಿ ಹೊರಟಿತು. ದೊರೆಯ ನಿಲುವಂಗಿಯ ಮೇಲಿನ ಆಭರಣದಲ್ಲಿ ಒಂದು ಪುಟ್ಟ ಆನೆಯ ಆಕೃತಿ. ಸೊಂಡಿಲು ಮೊಟಕಾದುದರಿಂದ ಆ ಆನೆ ನೋಡುವವರ ಕಣ್ಣಿಗೆ ಹಂದಿಯಾಗಿ ಕಂಡಿತು. ಮುಸಲ್ಮಾನರಿಗೆ ಹಂದಿ ನಿಷಿದ್ಧ, ಅದನ್ನು ಜೇಬಿನಲ್ಲಿಟ್ಟುಕೊಳ್ಳುವುದೆಂತು? ಕೂಗೆದ್ದಿತು. ಕಲ್ಕತ್ತ, ಮುಂಬಯಿ ಟಂಕಸಾಲೆಗಳಲ್ಲಿ ಸುಮಾರು ೯೪ ಲಕ್ಷ ರೂಪಾಯಿಗಳು ಸಿದ್ಧವಾಗಿದ್ದವು. ಜನರ ಕೈ ಸೇರಿದವು ಸುಮಾರು ೭ ಲಕ್ಷ. ಉಳಿದವನ್ನು ಕರಗಿಸಿದರು. ಸೊಂಡಿಲನ್ನು ಸ್ಪಷ್ಟವಾಗಿ ತಿದ್ದಿದ ರೂಪಾಯಿಗಳು ೧೯೧೨ರಲ್ಲಿ ಬಂದವು. ಚಕ್ರವರ್ತಿಯ ಸರ್ಕಾರವನ್ನು ಕೊರೆಯುವವನ ಉಳಿಯ ಒಂದು ಗೀರು ತಲೆತಗ್ಗಿಸುವಂತೆ ಮಾಡಿತು. ಜನ ಇದಕ್ಕೆ ಹಂದಿ ರೂಪಾಯಿ ಎಂದೇ ಹೆಸರಿಟ್ಟರು.

ಕನ್ನಡ ನಾಡಿನವರಿಗೆ ಇಲ್ಲೊಂದು ವಿಚಿತ್ರ ತೋರೀತು. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ನಮ್ಮ ಹಳೆಯ ಹೊನ್ನಿನ ನಾಣ್ಯಕ್ಕೆ ವರಾಹವೆಂದೇ ಹೆಸರು ನಿಂತಿತು. ಆನೆಯಾದರೋ ಟಿಪ್ಪುವಿನ ಕಾಸುಗಳ ಮೇಲೆ ಸೊಂಡಿಲು, ದಂತ, ಬಾಲ ಸಹಿತ ಗಂಭೀರವಾಗಿ ನಿಂತಿದೆ. ಒಂದೇ ಪ್ರಾಣಿ ಒಂದು ಕಾಲದಲ್ಲಿ ನಾಣ್ಯದ ಗೌರವ, ಇನ್ನೊಂದು ಕಾಲದಲ್ಲಿ ನಾಣ್ಯದ ಕಳಂಕ. ಯಾರ ಕೈಗೆ ಯಾವ ಮುದ್ರೆ ಹೋಗುತ್ತದೆಂಬ ವಿವೇಚನೆ ಆಳುವವರಿಗೆ ಬೇಕು.

ಹಾಗಾದರೆ ಬೆಲೆ ಬರುವುದು ಯಾವುದರಿಂದ? ಎಷ್ಟು ನಾಣ್ಯ ಕಾವಲಿನ ಕಣ್ಣು ತಪ್ಪಿಸಿ ಹೊರಬಂದವು, ಎಷ್ಟು ಉಳಿದಿವೆ ಎಂಬುದು ಮೊದಲನೆಯದು. ತಪ್ಪು ಟಂಕಸಾಲೆಯ ಒಳಗೇ ಆದುದೆಂಬುದು ಎರಡನೆಯದು. ಸುತ್ತಿಗೆಯಿಂದ ಬಡಿದು, ಅರದಿಂದ ಉಜ್ಜಿ ಮಾಡಿದ ‘ತಪ್ಪು’ಗಳನ್ನು ಮಾರುವ ಮೋಸಗಾರರೂ ಇದ್ದಾರೆ. ನಾಣ್ಯ ಸವೆಯದೆ, ಗೀರಿಲ್ಲದೆ, ತನ್ನ ಸಹಜವಾದ ಬಣ್ಣದಲ್ಲಿಯೇ ಇರಬೇಕೆಂಬುದು ಮೂರನೆಯದು. ಏಳು ಲಕ್ಷವೆಂಬುದು ಸಣ್ಣ ಸಂಖ್ಯೆಯಲ್ಲ. ಆದುದರಿಂದ ೧೯೧೧ರ ರೂಪಾಯಿಯ ವಿಷಯದಲ್ಲಿ ಈ ಮೂರನೆಯದೇ ಮುಖ್ಯ.

ಇದನ್ನು ನಾನು ಕಲಿತದ್ದು ತಡವಾಗಿ. ಒಮ್ಮೆ ತರಗತಿಯಲ್ಲಿ ಈ ರೂಪಾಯಿಯ ಕಥೆ ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಸಾರ್, ಅಂಥದು ನಮ್ಮಜ್ಜಿ ದೇವರ ಪೆಟ್ಟಿಗೆಯಲ್ಲಿದೆ” ಎಂದ. ತಂದು ತೋರಿಸಪ್ಪಾ ಎಂದೆ. ಮರುದಿನ ತಂದ. ಹುಣಿಸೆಹಣ್ಣು, ಬೂದಿ ಹಾಕಿ ರಾತ್ರಿಯೆಲ್ಲ ಉಜ್ಜಿದ್ದನಂತೆ, ಮೇಷ್ಟರಿಗೆ ಆನೆ ಚೆನ್ನಾಗಿ ಕಾಣಲೆಂದು. ವರ್ಷ ೧೯೧೧ ಎಂದೇ ಇತ್ತು. ನಾಣ್ಯ ಥಳಥಳಿಸುತ್ತಿತ್ತು, ಆನೆಯ ಮೇಲೆ, ದೊರೆಯ ಕೆನ್ನೆಯ ಮೇಲೆ ಗೀರುಗಳ ಬಲೆ. ಸಂಗ್ರಾಹಕನ ಕಣ್ಣಿನಲ್ಲಿ ಅದು ಬರಿಯ ಒಂದು ತೊಲ ಬೆಳ್ಳಿಯಾಗಿಬಿಟ್ಟಿತ್ತು. ಹುಡುಗನ ಮುಖದಲ್ಲಿ ಹಿಗ್ಗು. ನಾನು ಏನೂ ಹೇಳಲಾರದೆ, “ಅಜ್ಜಿಗೆ ಜೋಪಾನವಾಗಿ ಹಿಂದಿರುಗಿಸು” ಎಂದಷ್ಟೇ ಅಂದೆ. ತಪ್ಪು ಅವನದಲ್ಲ. ಕಥೆ ಹೇಳಿದ ನಾನು, ಉಜ್ಜಬೇಡವೆಂಬ ಒಂದು ಮಾತನ್ನು ಹೇಳಿರಲಿಲ್ಲ.

ಆ ಮಾತನ್ನು ಈಗ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ ಅಜ್ಜಿಯ ಸಂಚಿಯಲ್ಲೋ ಹಳೆಯ ರೂಪಾಯಿ ಇದ್ದರೆ, ಅಂಚನ್ನು ಹಿಡಿದು ಬೆಳಕಿಗೆ ತಂದು ನೋಡಿ. ವರ್ಷವನ್ನು ಓದಿ, ಆನೆಯನ್ನು ಹುಡುಕಿ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ನೋಡಿದ ಮೇಲೆ, ಇದ್ದ ಕಡೆಯೇ ಇಟ್ಟುಬಿಡಿ.